ಕಥೆ ಅವರದು, ನೋಟ್‌ಬುಕ್ ನಮ್ಮದು
(ಸಂಘದ ವಾರ್ಷಿಕ ಸಮಾವೇಶದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನನಗೆ ಕೊಟ್ಟ ವಿಷಯ ‘ವಿದ್ಯಾರ್ಥಿಗಳಲ್ಲಿ ಬರವಣಿಗೆಯ ಹವ್ಯಾಸ’. ವಿಷಯ ದೊಡ್ಡದು, ಸಮಯ ಚಿಕ್ಕದು. ಆದ್ದರಿಂದ ಅದರ ಒಂದು ಮೂಲೆಯನ್ನು ಮಾತ್ರ ಮುಟ್ಟುತ್ತೇನೆ. ಆ ಮೂಲೆಯಲ್ಲಿ ಸ್ವಲ್ಪ ಕತ್ತಲೆಯಿದೆ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೇರೆಯವರು ಬರೆದ ದೆವ್ವದ ಕಥೆಯನ್ನು ತೆಗೆದುಕೊಂಡು, ಅದನ್ನು ಚಿತ್ರಕಥೆಯಾಗಿ ಬರೆದು ಕೈ ಪಳಗಿಸಿಕೊಳ್ಳುವ ಅಭ್ಯಾಸದ ಬಗ್ಗೆ ನಾನು ಮಾತನಾಡಲಿದ್ದೇನೆ. ಉರ್ದು ಮತ್ತು ಕನ್ನಡ ಕಲಿಸುವ ಟೀಚರಿಗೆ ದೆವ್ವದ ಸಹವಾಸ ಯಾಕೆ ಎಂದು ಕೆಲವರಿಗೆ ಅನಿಸಬಹುದು. ದಯವಿಟ್ಟು ಕೊನೆಯವರೆಗೆ ಕೇಳಿ.

ಮೊದಲು ಒಂದು ತಪ್ಪೊಪ್ಪಿಗೆ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಎರಡನೇ ವರ್ಷ. ಎಂಟನೇ ತರಗತಿಯಲ್ಲಿ ಸಂಧಿ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ತಲೆ ತಗ್ಗಿಸಿ ಬರೆಯುತ್ತಲೇ ಇದ್ದ. ಇಷ್ಟು ಶ್ರದ್ಧೆಯಿಂದ ಸಂಧಿಯನ್ನು ಯಾರೂ ಬರೆಯುವುದಿಲ್ಲವಲ್ಲ ಎಂದು ಹೋಗಿ ನೋಟ್‌ಬುಕ್ ತೆಗೆದುಕೊಂಡೆ. ನೋಡಿದರೆ ‘ಆಪ್ತಮಿತ್ರ’ದ ಮುಂದುವರಿದ ಕಥೆ! ‘ಆಪ್ತರಕ್ಷಕ’ 2010ರಲ್ಲೇ ಬಂದು ಹೋಗಿತ್ತು, ಈ ಹುಡುಗ ತಾನೇ ಮೂರನೇ ಭಾಗಕ್ಕೆ ಕೈ ಹಾಕಿದ್ದ. ನಾಗವಲ್ಲಿ ಈ ಸಲ ನಮ್ಮೂರಿನ ಹಳೆಯ ನೀರಿನ ಟ್ಯಾಂಕಿನ ಹತ್ತಿರ ಬರುತ್ತಾಳೆ. ನಲವತ್ತು ಪುಟ. ನಾನು ಎರಡು ಸಾಲನ್ನು ಗಟ್ಟಿಯಾಗಿ ಓದಿದೆ, ಇಡೀ ತರಗತಿ ನಕ್ಕಿತು. “ಇನ್ನೊಬ್ಬರ ಸಿನಿಮಾ ಕದ್ದು ಬರೆಯೋ ಬದಲು ವ್ಯಾಕರಣ ಬರಿ” ಎಂದು ನೋಟ್‌ಬುಕ್ಕನ್ನು ಬೀರುವಿಗೆ ಹಾಕಿ ಬೀಗ ಹಾಕಿದೆ.

ವರ್ಷದ ಕೊನೆಗೆ ಬೀರು ಖಾಲಿ ಮಾಡುವಾಗ ಅದು ಸಿಕ್ಕಿತು. ಮನೆಗೆ ತಂದು ಓದಿದೆ. ಪುಟಕ್ಕೆ ಹತ್ತು ಕಾಗುಣಿತದ ತಪ್ಪುಗಳಿದ್ದವು, ನಿಜ. ಆದರೆ ಟ್ಯಾಂಕಿನ ಕಾವಲುಗಾರನ ಮಾತು ಕಾವಲುಗಾರನ ಮಾತಿನಂತೆಯೇ ಇತ್ತು, ಅವನ ಹೆಂಡತಿಯ ಮಾತು ಬೇರೆ ತೆರನಾಗಿತ್ತು. ಪರೀಕ್ಷೆಯಲ್ಲಿ ‘ಪರಿಸರ ಮಾಲಿನ್ಯ’ ಎಂಬ ಪ್ರಬಂಧಕ್ಕೆ ಆರು ಸಾಲು ದಾಟದ ಹುಡುಗ ಇದನ್ನು ಯಾರ ಒತ್ತಾಯವೂ ಇಲ್ಲದೆ ಬರೆದಿದ್ದ. ನೋಟ್‌ಬುಕ್ ಹಿಂದಿರುಗಿಸಲು ಹೋದೆ. “ಬಿಡಿ ಟೀಚರ್, ಬೇಡ” ಎಂದ. ಈಗ ಅವನಿಗೊಂದು ಮೊಬೈಲ್ ರಿಪೇರಿ ಅಂಗಡಿಯಿದೆ. ಹೋದ ವರ್ಷ ನನ್ನ ಫೋನಿನ ಒಡೆದ ಗಾಜು ಬದಲಿಸಿಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ. ಆ ನೋಟ್‌ಬುಕ್ ಬಗ್ಗೆ ಕೇಳಿದೆ. “ಯಾವ ನೋಟ್‌ಬುಕ್?” ಎಂದ. ನಿಜವಾಗಿಯೂ ಮರೆತಿದ್ದನೋ, ನನಗೆ ಬೇಸರವಾಗದಿರಲೆಂದು ಹಾಗೆ ಹೇಳಿದನೋ ತಿಳಿಯದು.

ಅಂದು ನಾನು ಬಳಸಿದ ‘ಕದ್ದು’ ಎಂಬ ಪದವನ್ನು ಕುರಿತು ಆಮೇಲೆ ಬಹಳ ಯೋಚಿಸಿದೆ. ಇಂಗ್ಲಿಷಿನಲ್ಲಿ ಇಂಥ ಬರವಣಿಗೆಗೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಅಭಿಮಾನಿ ಬರಹ ಎಂದು ಕರೆಯೋಣ. ಮೆಚ್ಚಿದ ಕಥೆಯ ಪಾತ್ರಗಳನ್ನು ಎರವಲು ಪಡೆದು, ಆ ಕಥೆಯನ್ನು ಮುಂದುವರಿಸುವುದು ಅಥವಾ ಬೇರೆ ಮಾಧ್ಯಮಕ್ಕೆ ತಿರುಗಿಸುವುದು. ಹೆಸರು ಹೊಸದಾಗಿರಬಹುದು, ಕೆಲಸ ಮಾತ್ರ ಹಳೆಯದು. ಉರ್ದು ಬಲ್ಲವರಿಗೆ ‘ಮಿಸ್ರಾ-ಎ-ತರಹ್’ ಎಂದರೆ ಗೊತ್ತು. ಮುಶಾಯಿರಕ್ಕೆ ಮುಂಚೆಯೇ ಒಂದು ಸಾಲನ್ನು ಕೊಡುತ್ತಾರೆ, ಸಾಮಾನ್ಯವಾಗಿ ಅದು ಹಿರಿಯ ಕವಿಯೊಬ್ಬರದು. ಅದೇ ಛಂದಸ್ಸು, ಅದೇ ಪ್ರಾಸದಲ್ಲಿ ಎಲ್ಲರೂ ಗಜಲ್ ಬರೆದು ತರಬೇಕು. ಯಾರೂ ಅದನ್ನು ಕಳವು ಎನ್ನುವುದಿಲ್ಲ. ಸಾಲು ಯಾರದೆಂದು ಎಲ್ಲರಿಗೂ ಗೊತ್ತಿರುವುದರಿಂದಲೇ ಯಾರ ಕೈ ಎಷ್ಟು ಪಳಗಿದೆ ಎಂಬುದು ಅಲ್ಲಿ ಬಯಲಾಗುತ್ತದೆ. ಖುಷ್‌ಖತ್ ಕಲಿಯುವಾಗ ಉಸ್ತಾದರು ಬರೆದುಕೊಟ್ಟ ಅಲಿಫ್‌ನ ಕೆಳಗೇ ನಾವು ನೂರು ಅಲಿಫ್ ಬರೆಯಲಿಲ್ಲವೇ? ಕನ್ನಡದ ಕಡೆ ಬಂದರೆ, ಪಂಪಭಾರತದ 13ನೇ ಆಶ್ವಾಸದ ಕಥಾಭಾಗವನ್ನೇ ಬೀಜವಾಗಿಟ್ಟುಕೊಂಡು ರನ್ನ ‘ಗದಾಯುದ್ಧ’ವೆಂಬ ಇಡೀ ಕಾವ್ಯವನ್ನು ಬೆಳೆಸಿದ. ರನ್ನನ ನೋಟ್‌ಬುಕ್ಕನ್ನು ಯಾರೂ ಬೀರುವಿನಲ್ಲಿಟ್ಟು ಬೀಗ ಹಾಕಲಿಲ್ಲವೆಂಬುದು ನಮ್ಮ ಅದೃಷ್ಟ.

ಸಿನಿಮಾ ಬರವಣಿಗೆಯಲ್ಲಂತೂ ಇದು ಮಾನ್ಯವಾದ ಅಭ್ಯಾಸ. ಅಮೆರಿಕದ ದೂರದರ್ಶನ ಧಾರಾವಾಹಿಗಳಿಗೆ ಬರೆಯಬಯಸುವವರು ದಶಕಗಳ ಕಾಲ ಮಾಡುತ್ತಿದ್ದುದು ಇದನ್ನೇ. ಪ್ರಸಾರವಾಗುತ್ತಿರುವ ಧಾರಾವಾಹಿಯೊಂದಕ್ಕೆ ತಾವೇ ಒಂದು ಕಂತು ಬರೆದು ಮಾದರಿಯಾಗಿ ತೋರಿಸುವುದು. ಅದು ಚಿತ್ರೀಕರಣವಾಗುವುದಿಲ್ಲವೆಂದು ಬರೆದವರಿಗೂ ಓದಿದವರಿಗೂ ಗೊತ್ತಿರುತ್ತಿತ್ತು.

ಇನ್ನೂ ಒಳ್ಳೆಯ ಉದಾಹರಣೆ ಭಯಾನಕ ಕಥೆಗಳ ಪ್ರಸಿದ್ಧ ಲೇಖಕ ಸ್ಟೀಫನ್ ಕಿಂಗ್ ಅವರದು. 1977ರ ಸುಮಾರಿಗೆ ಅವರು ಒಂದು ಪದ್ಧತಿ ಆರಂಭಿಸಿದರು. ಚಲನಚಿತ್ರ ಕಲಿಯುವ ವಿದ್ಯಾರ್ಥಿಗಳಿಗೆ ತಮ್ಮ ಸಣ್ಣ ಕಥೆಯನ್ನು ಕೇವಲ ಒಂದು ಡಾಲರಿಗೆ ಕೊಡುವುದು. ಷರತ್ತುಗಳು ಸರಳ: ಚಿತ್ರದಿಂದ ಹಣ ಮಾಡಬಾರದು, ಒಂದು ಪ್ರತಿಯನ್ನು ಅವರಿಗೆ ಕಳಿಸಬೇಕು. 2023ರ ಕೊನೆಗೆ ಅದನ್ನು ನಿಲ್ಲಿಸಲಾಯಿತು, ಆದರೆ ಅಷ್ಟರೊಳಗೆ ಎಷ್ಟೋ ಹೊಸಬರು ಆ ಒಂದು ಡಾಲರಿನಲ್ಲಿ ಕೆಲಸ ಕಲಿತಿದ್ದರು. ಅವರಲ್ಲಿ ಮೊದಲಿಗರ ಪೈಕಿ ಫ್ರಾಂಕ್ ದರಬಾಂಟ್ ಒಬ್ಬರು. ಅಪ್ಪಣೆ ಕೇಳಿದಾಗ ಅವರಿಗೆ ಸುಮಾರು ಇಪ್ಪತ್ತು ವರ್ಷ, ಕಿರುಚಿತ್ರ ಮುಗಿದದ್ದು 1983ರಲ್ಲಿ. ಅದೇ ಹುಡುಗ 1994ರಲ್ಲಿ ಕಿಂಗ್ ಅವರದೇ ಕಥೆಯಿಂದ ‘ದಿ ಶಾಶಾಂಕ್ ರಿಡೆಂಪ್ಷನ್’ ಎಂಬ ಜಗತ್ಪ್ರಸಿದ್ಧ ಚಿತ್ರ ಮಾಡಿದರು. 2007ರಲ್ಲಿ ‘ದಿ ಮಿಸ್ಟ್’ ಎಂಬ ಭಯಾನಕ ಕಥೆಯನ್ನು ತೆಗೆದುಕೊಂಡು ಅದರ ಕೊನೆಯನ್ನೇ ಬದಲಿಸಿದರು. ಮೂಲದಲ್ಲಿ ಸಣ್ಣದೊಂದು ಆಸೆ ಉಳಿಯುತ್ತದೆ. ಚಿತ್ರದಲ್ಲಿ ಉಳಿಯುವುದಿಲ್ಲ. ಕಿಂಗ್ ಬೇಸರ ಪಡಲಿಲ್ಲ, ಆ ಕೊನೆಯನ್ನು ಮೆಚ್ಚಿ ಮಾತನಾಡಿದರು.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. 1922ರಲ್ಲಿ ಜರ್ಮನಿಯಲ್ಲಿ ‘ನೊಸ್ಫೆರಾಟು’ ಎಂಬ ಮೂಕಿ ಚಿತ್ರ ಬಂತು. ಬ್ರಾಮ್ ಸ್ಟೋಕರರ ‘ಡ್ರಾಕುಲಾ’ (1897) ಕಾದಂಬರಿಯೇ ಅದರ ಮೂಲ. ಅಪ್ಪಣೆ ಪಡೆಯಲಿಲ್ಲ, ಪಾತ್ರಗಳ ಹೆಸರು ಬದಲಿಸಿದರೆ ಸಾಕೆಂದುಕೊಂಡರು. ಸ್ಟೋಕರರ ವಿಧವೆ ಫ್ಲಾರೆನ್ಸ್ ನ್ಯಾಯಾಲಯಕ್ಕೆ ಹೋದರು. ಎಲ್ಲ ಪ್ರತಿಗಳನ್ನೂ ನಾಶ ಮಾಡಬೇಕೆಂದು 1925ರಲ್ಲಿ ತೀರ್ಪಾಯಿತು. ಹೇಗೋ ಕೆಲವು ಪ್ರತಿಗಳು ಉಳಿದು ಇಂದು ಅದು ಶ್ರೇಷ್ಠ ಚಿತ್ರವೆನಿಸಿಕೊಂಡಿದೆ, ಅದು ಬೇರೆ ಮಾತು. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳವರೆಗೆ ಅವರ ಕೃತಿಯ ಮೇಲೆ ವಾರಸುದಾರರಿಗೆ ಹಕ್ಕಿರುತ್ತದೆ. ಆಮೇಲೆ ಅದು ಎಲ್ಲರದು. ಕನ್ನಡ ಅನುವಾದವನ್ನು ಬಳಸಿದರೆ ಅನುವಾದಕರ ಹಕ್ಕು ಬೇರೆ ಇರುತ್ತದೆ, ನೆನಪಿರಲಿ. ಶಾಲೆಯ ಚಟುವಟಿಕೆಯ ಅಂಗವಾಗಿ, ಸಿಬ್ಬಂದಿ, ವಿದ್ಯಾರ್ಥಿಗಳು ಮತ್ತು ಪೋಷಕರಷ್ಟೇ ಸೇರಿದ ಸಭೆಯಲ್ಲಿ ಮಕ್ಕಳು ನಾಟಕ ಆಡುವುದಕ್ಕೆ ಅದೇ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿಯಿದೆ. ನನ್ನ ತರಗತಿಯಲ್ಲಿ ನಿಯಮ ಇನ್ನೂ ಸರಳ: ಮೊದಲ ಪುಟದ ಮೊದಲ ಸಾಲಿನಲ್ಲಿ ಮೂಲ ಕಥೆಗಾರರ ಹೆಸರು ಇರಲೇಬೇಕು. ಅದನ್ನು ಬಿಟ್ಟವರಿಗೆ ನೋಟ್‌ಬುಕ್ ವಾಪಸ್. ಬೀರುವಿಗಲ್ಲ, ಅವರ ಕೈಗೇ ವಾಪಸ್.

ಇಷ್ಟೆಲ್ಲ ಕಥೆಗಳಿರುವಾಗ ಭಯಾನಕ ಕಥೆಯೇ ಯಾಕೆ? ಕಾರಣ ಸಣ್ಣದು. ಚಿತ್ರಕಥೆಯಲ್ಲಿ ಕಣ್ಣಿಗೆ ಕಾಣುವುದನ್ನು, ಕಿವಿಗೆ ಕೇಳುವುದನ್ನು ಮಾತ್ರ ಬರೆಯಬೇಕು. ‘ಅವನಿಗೆ ತುಂಬಾ ಭಯವಾಯಿತು’ ಎಂದು ಕಥೆಯಲ್ಲಿ ಬರೆದು ಮುಂದೆ ಹೋಗಬಹುದು. ಚಿತ್ರಕಥೆಯಲ್ಲಿ ಆ ಸಾಲಿಗೆ ಕ್ಯಾಮೆರಾ ಇಡಲು ಜಾಗವಿಲ್ಲ. ಅವನ ಕೈ ಏನು ಮಾಡಿತು? ನೀರಿನ ಲೋಟ ಹಿಡಿದಿದ್ದರೆ ಅದು ತಟ್ಟೆಗೆ ತಾಗಿ ಸದ್ದಾಯಿತೇ? ಇದನ್ನು ಕಲಿಯಲು ಭಯದಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ. ನಗೆಯನ್ನೋ ಪ್ರೀತಿಯನ್ನೋ ಬರೆಯುವಾಗ ಮಕ್ಕಳು ಮಾತಿನ ಮೊರೆ ಹೋಗುತ್ತಾರೆ. ಭಯವನ್ನು ಬರೆಯುವಾಗ ಪಾತ್ರ ಮಾತನಾಡಿದಷ್ಟೂ ಭಯ ಕಡಿಮೆಯಾಗುತ್ತದೆಂದು ಅವರಿಗೇ ಗೊತ್ತಾಗುತ್ತದೆ.

ಕಥೆ ನಮ್ಮದಲ್ಲದಿರುವುದೂ ಒಂದು ಅನುಕೂಲ. ‘ಮುಂದೇನಾಗುತ್ತದೆ’ ಎಂಬ ಚಿಂತೆಯನ್ನು ಬೇರೆಯವರು ಆಗಲೇ ಹೊತ್ತಿದ್ದಾರೆ. ನಮಗೆ ಉಳಿದದ್ದು ‘ಹೇಗೆ ತೋರಿಸುವುದು’ ಎಂಬುದಷ್ಟೇ. ಸೈಕಲ್ ಕಲಿಯುವಾಗ ಹಿಂದಿನಿಂದ ಯಾರೋ ಹಿಡಿದುಕೊಂಡ ಹಾಗೆ.

ಹೋದ ವರ್ಷ ಒಂಬತ್ತನೇ ತರಗತಿಯ ಮಕ್ಕಳೊಂದಿಗೆ ನಾನು ತೆಗೆದುಕೊಂಡ ಕಥೆ ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ ಅವರ ‘ದಿ ಮಂಕೀಸ್ ಪಾ’, ಅಂದರೆ ಕೋತಿಯ ಪಂಜ. 1902ರಲ್ಲಿ ಪ್ರಕಟವಾದದ್ದು. ಜೇಕಬ್ಸ್ ತೀರಿಕೊಂಡದ್ದು 1943ರಲ್ಲಿ, ಹಾಗಾಗಿ 2004ರಿಂದ ನಮ್ಮಲ್ಲಿ ಕಥೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ನಿಮ್ಮಲ್ಲಿ ಕೆಲವರು ಇಂಗ್ಲಿಷ್ ಪಠ್ಯದಲ್ಲಿ ಓದಿರಬಹುದು. ಓದದವರಿಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. ಇಂಗ್ಲೆಂಡಿನ ಒಂದು ಸಾಧಾರಣ ಮನೆ. ಅಪ್ಪ, ಅಮ್ಮ, ದುಡಿಯುವ ಮಗ. ಮಳೆಯ ರಾತ್ರಿ, ಅಪ್ಪ ಮಗ ಚದುರಂಗ ಆಡುತ್ತಿದ್ದಾರೆ. ಇಂಡಿಯಾದಲ್ಲಿ 21 ವರ್ಷ ಸೈನ್ಯದಲ್ಲಿದ್ದ ಪರಿಚಯದವನೊಬ್ಬ ಬರುತ್ತಾನೆ. ಅವನ ಬಳಿ ಒಣಗಿದ ಕೋತಿಯ ಪಂಜವಿದೆ. ಒಬ್ಬ ಫಕೀರ ಅದಕ್ಕೆ ಮಂತ್ರ ಹಾಕಿದ್ದಾನೆ. ಮೂವರಿಗೆ, ಒಬ್ಬೊಬ್ಬರಿಗೂ ಮೂರು ಬೇಡಿಕೆ. ಹಣೆಬರಹವನ್ನು ಮೀರಲು ಹೋದವರು ಪಶ್ಚಾತ್ತಾಪ ಪಡುತ್ತಾರೆಂದು ತೋರಿಸುವುದು ಫಕೀರನ ಉದ್ದೇಶ. ಅಪ್ಪ ಮನೆಯ ಸಾಲ ತೀರಿಸಲು 200 ಪೌಂಡ್ ಕೇಳುತ್ತಾನೆ. ಮರುದಿನ ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ. ಕಂಪನಿ ತನಗೆ ಯಾವ ಹೊಣೆಯೂ ಇಲ್ಲವೆಂದು ಹೇಳಿ, ಆದರೂ ಪರಿಹಾರವಾಗಿ ಹಣ ಕಳಿಸುತ್ತದೆ. ಎಷ್ಟು? 200 ಪೌಂಡ್. ಕೆಲವು ದಿನಗಳ ನಂತರ ಅಮ್ಮ ಹಟ ಹಿಡಿದು ಎರಡನೇ ಬೇಡಿಕೆ ಕೇಳಿಸುತ್ತಾಳೆ, ಮಗ ಬದುಕಿ ಬರಲಿ ಎಂದು. ರಾತ್ರಿ ಬಾಗಿಲು ಬಡಿಯುವ ಸದ್ದು. ಅಮ್ಮ ಚಿಲಕ ತೆಗೆಯಲು ಕುರ್ಚಿ ಹತ್ತಿದ್ದಾಳೆ, ಅಪ್ಪ ಕತ್ತಲಲ್ಲಿ ಪಂಜ ಹುಡುಕುತ್ತಿದ್ದಾನೆ. ಸಿಗುತ್ತದೆ. ಮೂರನೇ ಬೇಡಿಕೆ ಏನೆಂದು ಕಥೆ ಹೇಳುವುದಿಲ್ಲ. ಬಾಗಿಲು ತೆರೆದಾಗ ಬೀದಿ ಖಾಲಿ.

ಗಮನಿಸಿ, ಇಡೀ ಕಥೆಯಲ್ಲಿ ದೆವ್ವ ಒಮ್ಮೆಯೂ ಕಾಣುವುದಿಲ್ಲ. ಬಾಗಿಲು ಬಡಿಯುವ ಸದ್ದು ಮಾತ್ರ. ಅದಕ್ಕೇ 1903ರಲ್ಲಿ ಲೂಯಿ ಎನ್. ಪಾರ್ಕರ್ ಎಂಬುವರು ಇದನ್ನು ನಾಟಕವಾಗಿಸಿ ಲಂಡನ್ನಿನ ಹೇಮಾರ್ಕೆಟ್ ರಂಗಮಂದಿರದಲ್ಲಿ ಆಡಿಸಲು ಸಾಧ್ಯವಾಯಿತು. ಮನೆಯ ಒಂದು ಕೋಣೆ ಸಾಕು. ನಮ್ಮ ಶಾಲೆಯ ಬಜೆಟ್ಟಿಗೂ ಹೇಳಿ ಮಾಡಿಸಿದ ಕಥೆ!

ಮೊದಲ ವಾರ ಮಕ್ಕಳಿಂದ ಬರೆಯಿಸಲಿಲ್ಲ. ಕಥೆಯಲ್ಲಿ ಕಾಣುವ, ಕೇಳುವ ವಸ್ತುಗಳ ಕೆಳಗೆ ಗೆರೆ ಎಳೆಯಿರಿ ಎಂದೆ, ಅಷ್ಟೆ. ಎರಡನೇ ವಾರ ಅದನ್ನು ದೃಶ್ಯಗಳಾಗಿ ಒಡೆದೆವು. ಚಿತ್ರಕಥೆಯ ರೂಪ ಕಷ್ಟದ್ದೇನಲ್ಲ. ಪ್ರತಿ ದೃಶ್ಯದ ತಲೆಯಲ್ಲಿ ಒಳಾಂಗಣವೋ ಹೊರಾಂಗಣವೋ, ಯಾವ ಜಾಗ, ಹಗಲೋ ರಾತ್ರಿಯೋ ಎಂದು ಬರೆಯಬೇಕು. ಆಮೇಲೆ ವರ್ತಮಾನ ಕಾಲದಲ್ಲಿ ಕ್ರಿಯೆ. ಆಮೇಲೆ ಮಾತು. ಅಚ್ಚುಕಟ್ಟಾಗಿ ಟೈಪು ಮಾಡಿದ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷವಾಗುತ್ತದೆಂಬುದು ಚಿತ್ರರಂಗದ ಲೆಕ್ಕ. ಕೈಬರಹದಲ್ಲಿ ಆ ಲೆಕ್ಕ ನಿಲ್ಲುವುದಿಲ್ಲ, ನಮ್ಮ ಮಕ್ಕಳ ಅಕ್ಷರದ ಗಾತ್ರ ನೋಡಿದರೆ ಇನ್ನೂ ಕಷ್ಟ.

ಮೂರನೇ ವಾರ ಜಗಳ ಶುರುವಾಯಿತು, ಫಕೀರನ ವಿಷಯದಲ್ಲಿ. “ಟೀಚರ್, ನಮ್ಮ ಬೀದಿಗೆ ಬರೋ ಫಕೀರ್ ಸಾಬರು ಹೀಗೆಲ್ಲ ಮಾಡೋದಿಲ್ಲ. ಹಿಟ್ಟು ಈಸ್ಕೊಂಡು ದುವಾ ಮಾಡಿ ಹೋಗ್ತಾರೆ” ಎಂದಳು ಒಬ್ಬಳು. ಎಲ್ಲರೂ ನಕ್ಕರು. ಆದರೆ ಅವಳು ಹೇಳಿದ್ದು ದೊಡ್ಡ ಮಾತು. ಲಂಡನ್ನಿನ ಹಡಗುಕಟ್ಟೆಯ ವಠಾರದಲ್ಲಿ ಬೆಳೆದ ಜೇಕಬ್ಸ್‌ಗೆ ಇಂಡಿಯಾ ಎಂದರೆ ದೂರ, ಫಕೀರ ಎಂದರೆ ರಹಸ್ಯ. ನಮಗೆ ಫಕೀರ ಪಕ್ಕದ ಬೀದಿಯವನು. ಅವನಿಂದ ಭಯ ಹುಟ್ಟುವುದಿಲ್ಲ. ಹಾಗಾದರೆ ನಮ್ಮ ಮನೆಗೆ ವಿಚಿತ್ರ ವಸ್ತು ಎಲ್ಲಿಂದ ಬರುತ್ತದೆ?

ಆಗ ಅವರಿಗೆ ನಾಗವಲ್ಲಿಯ ಭಾಷೆಯ ವಿಷಯ ಹೇಳಿದೆ. ‘ಆಪ್ತಮಿತ್ರ’ (2004) ಸಹ ರೂಪಾಂತರವೇ. ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’, ಬರೆದವರು ಮಧು ಮುಟ್ಟಂ, ನಿರ್ದೇಶಕರು ಫಾಜಿಲ್. ಅಲ್ಲಿ ನಾಯಕಿಯ ಮೈಮೇಲೆ ಬರುವ ನಾಗವಲ್ಲಿ ಮಾತನಾಡುವುದು ತಮಿಳು. ಕನ್ನಡಕ್ಕೆ ತರುವಾಗ ಅವಳ ಭಾಷೆ ತೆಲುಗು ಆಯಿತು. ಹಿಂದಿಯ ‘ಭೂಲ್ ಭುಲಯ್ಯಾ’ದಲ್ಲಿ (2007) ಬಂಗಾಳಿ. ಯಾಕೆ? ಪೂರ್ತಿ ಅಪರಿಚಿತ ಭಾಷೆಯಾದರೆ ಪ್ರೇಕ್ಷಕನಿಗೆ ಅದು ಬರೀ ಸದ್ದು. ಅವನದೇ ಭಾಷೆಯಾದರೆ ಭಯವೇ ಇಲ್ಲ. ನೆರೆಯ ಭಾಷೆ, ಅರ್ಧ ಗೊತ್ತಿರುವ ಭಾಷೆ, ಮನೆಯ ಹೆಣ್ಣುಮಗಳ ಬಾಯಲ್ಲಿ ಬರಬಾರದ ಹೊತ್ತಿನಲ್ಲಿ ಬಂದರೆ ಎದೆ ಝಲ್ಲೆನ್ನುತ್ತದೆ. ಕಥೆ ಒಂದು ನಾಡಿನಿಂದ ಇನ್ನೊಂದಕ್ಕೆ ಬರುವಾಗ ಆ ‘ಅರ್ಧ ದೂರ’ವನ್ನು ಹೊಸದಾಗಿ ಅಳೆಯಬೇಕಾಗುತ್ತದೆ. 1967ರಲ್ಲಿ ಲಾಹೋರಿನವರು ಡ್ರಾಕುಲಾವನ್ನು ‘ಜಿಂದಾ ಲಾಶ್’ ಎಂದು ಉರ್ದು ಚಿತ್ರ ಮಾಡಿದಾಗಲೂ ಇದೇ ಪ್ರಶ್ನೆ ಬಂದಿರಬೇಕು. ಅವರು ಡ್ರಾಕುಲಾನನ್ನು ಅಮರತ್ವದ ಮದ್ದು ಕಂಡುಹಿಡಿಯಲು ಹೊರಟ ಪ್ರೊಫೆಸರನನ್ನಾಗಿ ಮಾಡಿದರು.

ನಮ್ಮ ತರಗತಿಯ ಉತ್ತರ ಹಿಂದಿನ ಬೆಂಚಿನಿಂದ ಬಂತು: ಗಲ್ಫ್‌ನಿಂದ ರಜೆಗೆ ಬಂದ ಮಾಮ! ಸೂಟ್‌ಕೇಸ್ ತೆರೆದಾಗ ಸೋಪು, ಖರ್ಜೂರ, ಕಂಬಳಿ, ಅದರಡಿ ಬಟ್ಟೆಯಲ್ಲಿ ಸುತ್ತಿದ ಏನೋ ಒಂದು. ಎಲ್ಲರ ಮನೆಯಲ್ಲೂ ನಡೆದಿರುವ ದೃಶ್ಯ. ಚದುರಂಗ ಹೋಗಿ ಕೇರಂ ಬಂತು. ಯಂತ್ರಗಳ ಕಾರ್ಖಾನೆ ಮರ ಕೊಯ್ಯುವ ಮಿಲ್ಲಾಯಿತು. 200 ಪೌಂಡ್, ಮನೆ ಸಾಲದ ಬಾಕಿ ಎರಡು ಲಕ್ಷವಾಯಿತು. ಪಂಜದ ಬದಲು ಒಬ್ಬ ವಿದ್ಯಾರ್ಥಿನಿ ಖಾಲಿಯಾದ ಅತ್ತರಿನ ಶೀಷೆ ಇಟ್ಟಳು. ಬೇಡಿಕೆ ಈಡೇರುವಾಗೆಲ್ಲ ಖಾಲಿ ಶೀಷೆಯಿಂದ ಪರಿಮಳ ಬರುತ್ತದೆ. ನನಗೆ ಬಹಳ ಹಿಡಿಸಿತು. ಹೊಗಳಬೇಕೆನ್ನುವಷ್ಟರಲ್ಲಿ ಇನ್ನೊಬ್ಬಳು ಕೇಳಿದಳು, “ಪರಿಮಳವನ್ನು ತೋರಿಸೋದು ಹೇಗೆ?”

ತೋರಿಸಲಾಗದು. ಜೇಕಬ್ಸ್ ಕಥೆಯಲ್ಲಿ ಬೇಡಿಕೆ ಕೇಳಿದಾಗ ಪಂಜ ಕೈಯಲ್ಲಿ ಹಾವಿನಂತೆ ಹೊರಳುತ್ತದೆ. ಅದು ಕಣ್ಣಿಗೆ ಕಾಣುವಂಥದು. ನಮ್ಮ ಶೀಷೆಗೂ ಅಂಥದ್ದೊಂದು ಬೇಕಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಅವಳೇ ಬರೆದು ತಂದಳು: ಶೀಷೆಯ ಗಾಜಿನ ಮುಚ್ಚಳ ತಾನಾಗಿ ತಿರುಗುತ್ತದೆ, ಗಾಜಿಗೆ ಗಾಜು ಉಜ್ಜಿದ ಸದ್ದು. ನೀವು ಮನೆಯಲ್ಲಿ ಮಾಡಿ ನೋಡಿ, ಹಲ್ಲು ಜುಮ್ಮೆನ್ನುತ್ತದೆ. ಮೂವತ್ತು ವ್ಯಾಕರಣ ಪಾಠಗಳಲ್ಲಿ ನಾನು ಕಲಿಸಲಾಗದ್ದನ್ನು ಆ ಎರಡು ದಿನ ಕಲಿಸಿದವು ಎಂದರೆ ತಪ್ಪಾಗಲಾರದು.

ಪೋಷಕರೊಬ್ಬರು ಶಾಲೆಗೆ ಬಂದು ಆಕ್ಷೇಪಿಸಿದರು. ಮಕ್ಕಳಿಂದ ದೆವ್ವದ ಕಥೆ ಬರೆಯಿಸಿ ಮೂಢನಂಬಿಕೆ ಬೆಳೆಸುತ್ತೀರಾ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅವರನ್ನು ತರಗತಿಗೆ ಕರೆದುಕೊಂಡು ಹೋದೆ. ಅಂದು ಮಕ್ಕಳು ಬಾಗಿಲು ಬಡಿಯುವ ಸದ್ದು ಎಷ್ಟು ಸಲ ಬರಬೇಕು, ಎರಡರ ನಡುವೆ ಎಷ್ಟು ಹೊತ್ತು ಬಿಡಬೇಕು ಎಂದು ಬೆಂಚಿನ ಮೇಲೆ ಡಸ್ಟರ್ ಬಡಿದು ಪರೀಕ್ಷಿಸುತ್ತಿದ್ದರು. ಸಮವಾಗಿ ಬಡಿದರೆ ಭಯವಾಗುವುದಿಲ್ಲ, ಮೂರನೆಯದು ತಡವಾಗಬೇಕು ಎಂದು ಒಬ್ಬ ವಾದಿಸುತ್ತಿದ್ದ. ಭಯವನ್ನು ಕೈಯಿಂದ ಮಾಡಲು ಕಲಿತ ಮಗು ಕತ್ತಲ ಕೋಣೆಗೆ ಹೋಗಲು ಮೊದಲಿಗಿಂತ ಹೆಚ್ಚು ಹೆದರೀತು ಎಂದು ನನಗನಿಸುವುದಿಲ್ಲ. ಅವರು ಪೂರ್ತಿ ಒಪ್ಪಲಿಲ್ಲ. ಆದರೆ ಮಗಳನ್ನು ಬಿಡಿಸಲೂ ಇಲ್ಲ. ರಕ್ತ, ಕೊಲೆ, ಹಿಂಸೆಯ ದೃಶ್ಯಗಳಿಗೆ ನನ್ನ ತರಗತಿಯಲ್ಲಿ ಜಾಗವಿಲ್ಲವೆಂದು ಅವರಿಗೆ ಮಾತು ಕೊಟ್ಟೆ. ಅದು ನೀತಿಯ ಮಾತಷ್ಟೇ ಅಲ್ಲ, ಬರವಣಿಗೆಯ ಮಾತೂ ಹೌದು. ರಕ್ತ ತೋರಿಸಿದ ಮೇಲೆ ತೋರಿಸಲು ಇನ್ನೇನು ಉಳಿಯುತ್ತದೆ?

ಈಗ ಆ ತರಗತಿಯ ಇನ್ನೊಬ್ಬ ಹುಡುಗನ ವಿಷಯ. ಹೆಚ್ಚು ಮಾತನಾಡುವವನಲ್ಲ. ಮಿಲ್ಲಿನ ಕಡೆಯವನು ಹಣ ತರುವ ದೃಶ್ಯ ಅವನ ಪಾಲಿಗೆ ಬಂದಿತ್ತು. ಉಳಿದವರೆಲ್ಲ ಬಾಗಿಲು ಬಡಿಯುವ ದೃಶ್ಯಕ್ಕಾಗಿ ಚೀಟಿ ಎತ್ತಿ ಜಗಳವಾಡಿದ್ದರು, ಈ ದೃಶ್ಯ ಯಾರಿಗೂ ಬೇಕಿರಲಿಲ್ಲ. ಮೂಲ ಕಥೆಯಲ್ಲಿ ಆ ಭಾಗವನ್ನು ಓದಿ ಅವನು ನನ್ನ ಬಳಿ ಬಂದು, “ಟೀಚರ್, ಇದು ದೆವ್ವದ ಕಥೆ ಅಲ್ಲ” ಎಂದ. ಮತ್ತೇನು ಎಂದೆ. ಉತ್ತರ ಕೊಡಲಿಲ್ಲ. ಒಂದು ವಾರದ ನಂತರ ಬರೆದು ತಂದ. ಅವನ ಅಪ್ಪಣೆ ಪಡೆದು ಇಲ್ಲಿ ಓದುತ್ತೇನೆ.

ದೃಶ್ಯ 5. ಒಳಾಂಗಣ. ಮನೆಯ ನಡುಕೋಣೆ. ಹಗಲು.

ಮಿಲ್ಲಿನ ಗುಮಾಸ್ತ ಹೊಸ್ತಿಲ ಒಳಗೆ ನಿಂತಿದ್ದಾನೆ. ಚಪ್ಪಲಿ ಬಿಟ್ಟಿಲ್ಲ. ಅಮ್ಮ ಸ್ಟೂಲನ್ನು ಸೆರಗಿನಿಂದ ಒರೆಸಿ ಅವನ ಮುಂದಿಡುತ್ತಾಳೆ. ಅವನು ಕೂರುವುದಿಲ್ಲ.

ಗುಮಾಸ್ತ: ಮಾಲೀಕರು ಕಳಿಸಿದ್ದಾರೆ. ಮಿಲ್ಲಿನದೇನೂ ತಪ್ಪಿಲ್ಲ ಅಂತ ಹೇಳೋಕೆ ಹೇಳಿದ್ದಾರೆ.

ಯಾರೂ ಮಾತಾಡುವುದಿಲ್ಲ. ಅವನು ಜೇಬಿನಿಂದ ಕಂದು ಬಣ್ಣದ ಲಕೋಟೆ ತೆಗೆದು ಸ್ಟೂಲಿನ ಮೇಲಿಡುತ್ತಾನೆ. ಕೇರಂ ಬೋರ್ಡು ಗೋಡೆಗೆ ಒರಗಿದೆ.

ಅಪ್ಪ: ಎಷ್ಟು?

ಗುಮಾಸ್ತ: ಎರಡು ಲಕ್ಷ.

ಗೂಡಿನಲ್ಲಿ ಗಾಜಿಗೆ ಗಾಜು ಉಜ್ಜಿದ ಸದ್ದು. ಅಪ್ಪ ತಲೆ ಎತ್ತುತ್ತಾನೆ. ಅಮ್ಮ ಎತ್ತುವುದಿಲ್ಲ. ಅವಳು ಗುಮಾಸ್ತನ ಚಪ್ಪಲಿಯನ್ನು ನೋಡುತ್ತಿದ್ದಾಳೆ.

ಇಷ್ಟೇ ದೃಶ್ಯ. ‘ಅಮ್ಮನಿಗೆ ದುಃಖವಾಯಿತು’ ಎಂದು ಎಲ್ಲಿಯೂ ಇಲ್ಲ. ಮೂಲದಲ್ಲಿ ಈ ಘಟ್ಟದಲ್ಲಿ ಅಮ್ಮ ಚೀರುತ್ತಾಳೆ, ಅಪ್ಪ ಮೂರ್ಛೆ ಹೋಗುತ್ತಾನೆ. ಹುಡುಗ ಅದನ್ನು ತೆಗೆದುಹಾಕಿದ್ದ. ಯಾಕೆ ತೆಗೆದೆ ಎಂದು ಕೇಳಿದಾಗ “ಹಾಗೆ ಆಗಲ್ಲ ಟೀಚರ್” ಎಂದ. ಅವನ ತಂದೆ ಮರದ ಮಿಲ್ಲಿನಲ್ಲಿ ಕೆಲಸ ಮಾಡುವಾಗ ಬಲಗೈಯ ಎರಡು ಬೆರಳು ಕಳೆದುಕೊಂಡಿದ್ದರೆಂದು ನನಗೆ ಆಮೇಲೆ ಬೇರೆ ಮಕ್ಕಳಿಂದ ತಿಳಿಯಿತು. ಆಗ ಹುಡುಗ ಮೂರನೇ ತರಗತಿಯಲ್ಲಿದ್ದನಂತೆ.

ವರ್ಷದ ಕೊನೆಗೆ ಪೋಷಕರ ಸಭೆಯಲ್ಲಿ ಮಕ್ಕಳು ಚಿತ್ರಕಥೆಯನ್ನು ಕುಳಿತು ಓದಿದರು. ಕ್ಯಾಮೆರಾ ಇಲ್ಲ, ವೇಷ ಇಲ್ಲ. ಒಬ್ಬಳು ಶೀಷೆ ಉಜ್ಜಲು, ಒಬ್ಬ ಡಸ್ಟರ್ ಬಡಿಯಲು. ಮೊದಲಿಗೆ ಮೂಲ ಲೇಖಕ ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ ಎಂದು ಓದಿದರು, ಆಮೇಲೆ ತಮ್ಮ ಹೆಸರುಗಳನ್ನು. ಆ ಹುಡುಗನ ತಂದೆಯೂ ಬಂದಿದ್ದರು. ಹಿಂದಿನ ಸಾಲಿನಲ್ಲಿ ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು ಕೂತಿದ್ದರು. ಐದನೇ ದೃಶ್ಯ ಓದುವಾಗ ನಾನು ಅವರ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಎಲ್ಲ ಮುಗಿದು ಚಹಾ ಕುಡಿಯುವಾಗ ಅವರು ಮಗನನ್ನು ಪಕ್ಕಕ್ಕೆ ಕರೆದು ಏನೋ ಹೇಳಿ ಹೋದರು. ಬೈದರೇನೋ ಎಂದು ಹೆದರಿ ಏನು ಹೇಳಿದರೆಂದು ಕೇಳಿದೆ.

“ಲಕೋಟೆ ಕಂದು ಬಣ್ಣದ್ದಲ್ವಂತೆ ಟೀಚರ್, ಬಿಳೀದಂತೆ” ಎಂದ. ಮರುದಿನ ನೋಟ್‌ಬುಕ್ ತಂದು, ‘ಕಂದು’ ಎಂಬುದನ್ನು ಹೊಡೆದುಹಾಕಿ ‘ಬಿಳಿ’ ಎಂದು ತಿದ್ದಿದ.